ಬೆರೆಜಿನಾ ದಾಟಿಸಿದವನು: ಜನರಲ್ ಎಬ್ಲೆಯ ಸೈನಿಕ ಜೀವನ



ಈ ಉಪನ್ಯಾಸದ ದತ್ತಿಯನ್ನಿಟ್ಟ ಹಿರಿಯರು ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಉಪನ್ಯಾಸ ಇತಿಹಾಸದ ಮೇಲಿರಬೇಕೆಂದು ಅವರು ಬಯಸಿದ್ದರಂತೆ. ಇತಿಹಾಸವೂ ಸೇತುವೆಯೂ ಕೂಡುವ ಒಬ್ಬ ಮನುಷ್ಯನನ್ನು ಹುಡುಕಿದಾಗ ನನಗೆ ಮೊದಲು ನೆನಪಾದವನು ನೆಪೋಲಿಯನ್ನನ ಸೇನೆಯ ಜನರಲ್ ಜ್ಯಾಂ-ಬತೀಸ್ತ್ ಎಬ್ಲೆ. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಫ್ರಾನ್ಸಿನ ಆ ಕಾಲದ ಸೇನಾನಿಗಳೆಂದರೆ ನೇ, ಮುರಾ, ದವೂ, ಲಾನ್ ಮುಂತಾದವರು ಕುದುರೆಯ ಮೇಲೆ ಕತ್ತಿ ಹಿರಿದು ನಿಂತ ಚಿತ್ರಗಳೇ ಕಣ್ಣಿಗೆ ಬರುತ್ತವೆ. ಮೈಸೂರು ಸೀಮೆಯವರಿಗೆ ನೆಪೋಲಿಯನ್ ಇನ್ನೊಂದು ಕಾರಣಕ್ಕೂ ಗೊತ್ತು. 1799ರ ಜನವರಿಯಲ್ಲಿ ಅವನು ಈಜಿಪ್ಟಿನಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ. ಅದು ಬ್ರಿಟಿಷರ ಕೈಗೆ ಸಿಕ್ಕು ಶ್ರೀರಂಗಪಟ್ಟಣ ಮುಟ್ಟಲಿಲ್ಲ. ಆದರೆ ಆ ಚಕ್ರವರ್ತಿಯ ಸೇನೆ ನಡೆದದ್ದು ಯಾರ ದುಡಿಮೆಯಿಂದ, ಅದರ ಫಿರಂಗಿ ಎಳೆದವರು ಯಾರು, ಹೊಳೆ ದಾಟಿಸಿದವರು ಯಾರು ಎಂದು ನಾವು ಕೇಳಿದ್ದು ಅಪರೂಪ.

ಎಬ್ಲೆಯ ಹೆಸರು ಉಳಿದಿರುವುದು 1812ರ ನವೆಂಬರ್ ಕೊನೆಯ ಮೂರು-ನಾಲ್ಕು ದಿನಗಳಿಂದ. ಮಾಸ್ಕೋದಿಂದ ಹಿಂದಿರುಗುತ್ತಿದ್ದ ಸೇನೆ ಬೆರೆಜಿನಾ ನದಿಯ ದಡದಲ್ಲಿ ಮೂರು ಕಡೆಯಿಂದ ಸಿಕ್ಕಿಬಿದ್ದಾಗ ಎರಡು ಮರದ ಸೇತುವೆ ಕಟ್ಟಿ ಅದನ್ನು ಆಚೆ ದಾಟಿಸಿದವನು ಅವನು. ಅದನ್ನು ಪವಾಡವೆಂಬಂತೆ ವರ್ಣಿಸುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಆ ಸೇತುವೆಗಳ ಹಿಂದೆ ನಲವತ್ತೈದು ವರ್ಷಗಳ ಒಂದು ಅಭ್ಯಾಸವಿದೆ: ಮೊಳೆ, ಹಗ್ಗ, ಇದ್ದಿಲು, ಮರ ಇವುಗಳ ಲೆಕ್ಕವನ್ನು ತಾನೇ ಇಡುವ ಅಭ್ಯಾಸ. ಈ ಸಂಜೆ ನಾನು ತೋರಿಸಬೇಕೆಂದಿರುವುದು ಅದನ್ನೇ. ಅವನ ಕದನಗಳ ಪೂರ್ತಿ ಪಟ್ಟಿ ಕೊಡುವುದಿಲ್ಲ.

ಎಬ್ಲೆ ಹುಟ್ಟಿದ್ದು 1758ರ ಡಿಸೆಂಬರ್ 21ರಂದು, ಲೊರೇನ್ ಪ್ರಾಂತ್ಯದ ಸೇಂಟ್-ಜ್ಯಾಂ-ರೋರ್‌ಬಾಕ್ ಎಂಬ ಹಳ್ಳಿಯಲ್ಲಿ. ತಂದೆ ಫಿರಂಗಿ ದಳದವನು, ಸಾಮಾನ್ಯ ಸಿಪಾಯಿಗಳ ಸಾಲಿನಿಂದ ಮೇಲೆ ಬಂದವನು. ಒಂಬತ್ತನೆಯ ವಯಸ್ಸಿನಲ್ಲಿ ಹುಡುಗನ ಹೆಸರು ಅದೇ ದಳದ ಹಾಜರಿ ಪುಸ್ತಕಕ್ಕೆ ಸೇರಿತು. ಹಳೆಯ ಫ್ರಾನ್ಸಿನ ಸೇನೆಯಲ್ಲಿ ದಳದ ಮಕ್ಕಳನ್ನು ಹೀಗೆ ಸೇರಿಸಿಕೊಳ್ಳುವ ಪದ್ಧತಿ ಇತ್ತು. ಬೇರೆ ಮಕ್ಕಳು ಅಕ್ಷರ ತಿದ್ದುವ ವಯಸ್ಸಿನಲ್ಲಿ ಇವನು ಫಿರಂಗಿ ಗಾಡಿಗಳ ಗಾಲಿ, ಇರಚಿ, ಕಮ್ಮಾರನ ತಿದಿ, ಮದ್ದಿನ ಪೀಪಾಯಿಗಳ ನಡುವೆ ಬೆಳೆದ. ಕ್ರಾಂತಿಗೆ ಮುಂಚಿನ ಫ್ರಾನ್ಸಿನಲ್ಲಿ ಅಧಿಕಾರಿಯ ಹುದ್ದೆ ಬಹುಮಟ್ಟಿಗೆ ಕುಲೀನರ ಸ್ವತ್ತು. ಲೆಫ್ಟಿನೆಂಟ್ ಆಗಲು ಎಬ್ಲೆ 1785ರವರೆಗೆ ಕಾಯಬೇಕಾಯಿತು. ಆಗ ಅವನಿಗೆ ಇಪ್ಪತ್ತಾರು ದಾಟಿತ್ತು; ಅಷ್ಟು ಹೊತ್ತಿಗೆ ಅವನ ಸೇವೆಗೆ ಹದಿನೇಳು ವರ್ಷ ಮೀರಿತ್ತು. ಆಮೇಲೆ ಕೆಲವು ವರ್ಷ ನೇಪಲ್ಸ್ ರಾಜನ ಫಿರಂಗಿ ದಳವನ್ನು ಹೊಸದಾಗಿ ಕಟ್ಟಿಕೊಡಲು ಹೋದ ಫ್ರೆಂಚ್ ಅಧಿಕಾರಿಗಳ ತಂಡದಲ್ಲಿದ್ದ. ಕ್ರಾಂತಿಯ ಫ್ರಾನ್ಸ್ ಯುರೋಪಿನ ಅರಸರೊಡನೆ ಯುದ್ಧಕ್ಕಿಳಿದ 1792ರಲ್ಲಿ ಹಿಂದಿರುಗಿ ಬಂದ.

ಮುಂದಿನದು ಬಿರುಗಾಳಿಯ ವೇಗ. ಕುಲೀನ ಅಧಿಕಾರಿಗಳು ದೇಶ ಬಿಟ್ಟು ಓಡಿದ್ದರು. ಕಾಲಾಳು ದಳಕ್ಕೆ ಹೊಸಬರನ್ನು ತಂದು ನಿಲ್ಲಿಸಬಹುದು. ಫಿರಂಗಿ ದಳಕ್ಕೆ ಕಸುಬು ಗೊತ್ತಿದ್ದವನೇ ಬೇಕು. 1793ರ ಒಂದೇ ವರ್ಷದಲ್ಲಿ ಎಬ್ಲೆ ಕ್ಯಾಪ್ಟನ್ ಹುದ್ದೆಯಿಂದ ಬ್ರಿಗೇಡ್ ಜನರಲ್, ಅಲ್ಲಿಂದ ಅಕ್ಟೋಬರ್ ಹೊತ್ತಿಗೆ ಡಿವಿಷನ್ ಜನರಲ್ ಆದ. ಗಮನಿಸಿ, ಆ ಶರತ್ಕಾಲದಲ್ಲಿ ತೂಲೋನ್ ಬಂದರಿನ ಮುಂದೆ ಮುತ್ತಿಗೆಯ ಫಿರಂಗಿ ಸಾಲು ಜೋಡಿಸುತ್ತಿದ್ದ ಬೊನಾಪಾರ್ಟೆ ಎಂಬ ಯುವಕ ಇನ್ನೂ ಜನರಲ್ ಆಗಿರಲಿಲ್ಲ. ಬ್ರಿಗೇಡ್ ಜನರಲ್ ಹುದ್ದೆ ಅವನಿಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ. ಇಬ್ಬರದೂ ಒಂದೇ ಫಿರಂಗಿ ಕಸುಬು. ಹತ್ತೊಂಬತ್ತು ವರ್ಷಗಳ ನಂತರ ಒಬ್ಬ ಅರ್ಧ ಯುರೋಪಿನ ಒಡೆಯ, ಇನ್ನೊಬ್ಬ ಅದೇ ಡಿವಿಷನ್ ಜನರಲ್. ಎಬ್ಲೆಗೆ ಮಾರ್ಷಲ್ ಪದವಿ ಎಂದೂ ಬರಲಿಲ್ಲ.

1794ರ ಅಭಿಯಾನದಲ್ಲಿ ಅವನ ಕೆಲಸ ಮುತ್ತಿಗೆ. ಈಪ್ರ್, ನ್ಯೂಪೋರ್ಟ್, ಸ್‌ಹೆರ್ಟೊಗೆನ್‌ಬಾಸ್, ನೈಮೆಗೆನ್ ಹೀಗೆ ಫ್ಲಾಂಡರ್ಸ್ ಮತ್ತು ಹಾಲೆಂಡಿನ ಕೋಟೆಗಳನ್ನು ಒಂದಾದ ಮೇಲೊಂದು ಬಡಿಯಲಾಯಿತು. ಮುತ್ತಿಗೆಯ ಯುದ್ಧದಲ್ಲಿ ಶೌರ್ಯಕ್ಕಿಂತ ಮುಂಚೆ ಬೇಕಾದದ್ದು ಸಾಗಣೆ. ಎಷ್ಟು ಗುಂಡು, ಎಷ್ಟು ಮದ್ದು, ಎಷ್ಟು ಕುದುರೆ, ಕೆಸರಿನಲ್ಲಿ ಗಾಡಿ ಇಳಿಯದಂತೆ ಎಷ್ಟು ಹಲಗೆ! ಎಬ್ಲೆಗೆ ಇದು ಕೈಬಂದಿತ್ತು. ಆಮೇಲೆ ರೈನ್ ನದಿಯ ಸೇನೆಯಲ್ಲಿ ಜನರಲ್ ಮೊರೋನ ಕೈಕೆಳಗೆ ಬಂದ. 1796ರ ಕೊನೆಯಲ್ಲಿ ಸ್ಟ್ರಾಸ್‌ಬರ್ಗಿನ ಎದುರು ದಡದ ಕೇಲ್ ಕೋಟೆಯನ್ನು ಆಸ್ಟ್ರಿಯನ್ನರು ಮುತ್ತಿದಾಗ ಅದನ್ನು ಹಿಡಿದು ನಿಂತವರಲ್ಲಿ ಅವನೂ ಒಬ್ಬ. ಆ ಕೋಟೆ 1797ರ ಜನವರಿಯಲ್ಲಿ ಒಪ್ಪಂದದ ಮೇಲೆ ಕೈಬಿಟ್ಟುಹೋಯಿತು. ಖಾಲಿ ಮಾಡಲು ಸಿಕ್ಕ ಕಾಲ ಒಂದು ದಿನ. ಅಷ್ಟರಲ್ಲಿ ಫ್ರೆಂಚರು ಫಿರಂಗಿಗಳನ್ನಷ್ಟೇ ಅಲ್ಲ, ನೆಟ್ಟಿದ್ದ ಗೂಟಬೇಲಿಯನ್ನೂ ಕಿತ್ತು ಹೊಳೆಯಾಚೆ ಸಾಗಿಸಿದರು. ಆಸ್ಟ್ರಿಯನ್ನರಿಗೆ ಸಿಕ್ಕಿದ್ದು ಉತ್ತ ಹೊಲದಂಥ ಒಂದು ಬಯಲು. ಎಬ್ಲೆ ಬೆಳೆದ ಸೇನೆಯ ಮನೋಧರ್ಮ ಅರ್ಥವಾಗಬೇಕಾದರೆ ಈ ಗೂಟಬೇಲಿಯನ್ನು ನೆನಪಿಡಬೇಕು.

1799ರಲ್ಲಿ ಜನರಲ್ ಶಾಂಪಿಯೊನೆಯ ಜೊತೆ ಇಟಲಿಯಲ್ಲಿದ್ದು, ತಾನು ಹಿಂದೆ ಫಿರಂಗಿ ದಳ ಕಟ್ಟಲು ಹೋಗಿದ್ದ ನೇಪಲ್ಸಿನ ವಿರುದ್ಧವೇ ಫಿರಂಗಿ ಹೂಡಿದ. 1800ರ ಡಿಸೆಂಬರ್ 3ರಂದು ಹೋಹೆನ್‌ಲಿಂಡೆನ್ ಕಾಡಿನಲ್ಲಿ ಮೊರೋ ಆಸ್ಟ್ರಿಯನ್ನರನ್ನು ಮುರಿದಾಗ ಸೇನೆಯ ಫಿರಂಗಿ ಎಬ್ಲೆಯದು. ನೆಪೋಲಿಯನ್ ಚಕ್ರವರ್ತಿಯಾದ ವರ್ಷವೇ ಮೊರೋ ರಾಜದ್ರೋಹದ ಆಪಾದನೆಗೆ ಸಿಕ್ಕಿ ದೇಶ ಬಿಟ್ಟ. ಎಬ್ಲೆ ರಾಜಕೀಯಕ್ಕೆ ಕೈ ಹಾಕಿದವನಲ್ಲ. ತನ್ನ ದಳದ ಜೊತೆ ಉಳಿದ. 1805ರಲ್ಲಿ ಮಾರ್ಷಲ್ ಬರ್ನಾಡೊಟ್ ಪಡೆಯ ಫಿರಂಗಿ, 1806ರ ನಂತರ ಮಾಗ್ಡೆಬರ್ಗ್ ಕೋಟೆಯ ಗವರ್ನರ್ ಹುದ್ದೆ, 1808ರಲ್ಲಿ ಬ್ಯಾರನ್ ಪದವಿ. ಅದೇ ವರ್ಷದಿಂದ 1810ರವರೆಗೆ ಅವನು ವೆಸ್ಟ್‌ಫೇಲಿಯಾ ರಾಜ್ಯದ ಯುದ್ಧಮಂತ್ರಿ. ನೆಪೋಲಿಯನ್ ತನ್ನ ತಮ್ಮ ಜೆರೋಮನಿಗಾಗಿ ಜರ್ಮನಿಯ ನಡುವೆ ಹುಟ್ಟಿಸಿದ ರಾಜ್ಯ ಅದು. ಅದಕ್ಕೆ ಸೇನೆಯೇ ಇರಲಿಲ್ಲ, ಎಬ್ಲೆ ಕಟ್ಟಿಕೊಟ್ಟ. ಆ ಸೇನೆಯ ಬಹುಪಾಲು ಜನ ಆಮೇಲೆ ರಷ್ಯಾದಲ್ಲಿ ಸತ್ತರು. ಈ ಮಾತನ್ನು ಸುಮ್ಮನೆ ದಾಟಿಹೋಗಲು ನನಗೆ ಮನಸ್ಸಾಗುವುದಿಲ್ಲ. ಸಾಮ್ರಾಜ್ಯದ ಒಳ್ಳೆಯ ಕೆಲಸಗಾರ ಕಟ್ಟಿದ್ದು ಕೊನೆಗೆ ಸಾಮ್ರಾಜ್ಯದ ಹಸಿವಿಗೇ ಹೋಗುತ್ತಿತ್ತು.

ಈಗ ಪೋರ್ಚುಗಲ್‌ಗೆ ಬರೋಣ. ಬೆರೆಜಿನಾದ ಬಗ್ಗೆ ಬರೆಯುವವರು ಈ ಅಧ್ಯಾಯವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಎಬ್ಲೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 1810ರಲ್ಲಿ ಮಾರ್ಷಲ್ ಮಸೇನಾ ಲಿಸ್ಬನ್ ಕಡೆಗೆ ಸೇನೆ ನಡೆಸಿದ. ಸಿಯುದಾದ್ ರೊದ್ರಿಗೊ, ಆಲ್ಮೇಯ್ದಾ ಕೋಟೆಗಳ ಮುತ್ತಿಗೆಯಲ್ಲಿ ಫಿರಂಗಿಯ ಹೊಣೆ ಎಬ್ಲೆಯದು. ಆಮೇಲೆ ಸೇನೆ ಲಿಸ್ಬನ್ನಿನ ಹೊರಗೆ ಇಂಗ್ಲಿಷ್ ಸೇನಾನಿ ವೆಲಿಂಗ್ಟನ್ ಕಟ್ಟಿಸಿದ್ದ ತೋರೆಸ್ ವೆದ್ರಾಸ್ ರಕ್ಷಣಾ ಸಾಲುಗಳ ಮುಂದೆ ನಿಂತುಬಿಟ್ಟಿತು. ಮುಂದೆ ಹೋಗಲಾಗದು, ಊಟಕ್ಕಿಲ್ಲ. ಸಾಂತಾರೆಂ ಊರಿನ ಸುತ್ತ ಹಿಂದೆ ಸರಿದು ಕೂತಾಗ, ಟೇಗಸ್ ನದಿಯನ್ನು ದಾಟುವ ದಾರಿ ಬೇಕೆಂದು ಮಸೇನಾ ಎಬ್ಲೆಗೆ ಹೇಳಿದ. ಟೇಗಸ್ ಅಲ್ಲಿ ಅಗಲವಾದ ನದಿ. ದೋಣಿಗಳನ್ನು ಊರವರು ಮತ್ತು ಇಂಗ್ಲಿಷರು ಮೊದಲೇ ತೆಗೆದುಹಾಕಿದ್ದರು. ಎಬ್ಲೆಯ ಬಳಿ ದೋಣಿಯಿಲ್ಲ, ಹಲಗೆಯಿಲ್ಲ, ಹಗ್ಗವಿಲ್ಲ, ಮೊಳೆಯಿಲ್ಲ, ಮರ ಕೊಯ್ಯುವ ಗರಗಸವೂ ಇಲ್ಲ. ಅವನು ಮೊದಲು ಉಪಕರಣ ಮಾಡಿಸಿದ. ಹಳೆಯ ಕಬ್ಬಿಣ ಕೂಡಿಸಿ ಕುಲುಮೆ ಹೂಡಿ ಕೊಡಲಿ, ಗರಗಸ, ಸುತ್ತಿಗೆ ತಟ್ಟಿಸಿದ. ಆ ಕೊಡಲಿಯಿಂದ ಮರ ಕಡಿಸಿದ, ಮನೆಗಳ ತೊಲೆ ಬಿಚ್ಚಿಸಿದ. ಹಸಿದ ಸೇನೆಯ ನಡುವೆ ತಿಂಗಳುಗಟ್ಟಲೆ ದುಡಿದು ಅವನ ಜನ ಸೇತುವೆಗೆ ಸಾಲುವಷ್ಟು ದೋಣಿ ಸಿದ್ಧಮಾಡಿದರು. ಅದರ ಮೇಲೆ ಒಬ್ಬ ಸಿಪಾಯಿಯೂ ನಡೆಯಲಿಲ್ಲ. 1811ರ ಮಾರ್ಚಿನಲ್ಲಿ ಮಸೇನಾ ಹಿಂದೆ ಸರಿದ. ಶತ್ರುವಿನ ಕೈಗೆ ಸಿಗಬಾರದೆಂದು ದೋಣಿಗಳನ್ನೆಲ್ಲ ಎಬ್ಲೆಯೇ ಸುಡಬೇಕಾಯಿತು.

ಉಪಕರಣವಿಲ್ಲದವನು ಮೊದಲು ಉಪಕರಣ ಮಾಡಬೇಕು, ಅದಕ್ಕೆ ತಿಂಗಳು ಬೇಕು. ಈ ಪಾಠವನ್ನು ಎಬ್ಲೆ ಟೇಗಸ್ ದಡದಲ್ಲಿ ಕಷ್ಟಪಟ್ಟು ಕಲಿತ. ಮುಂದೆ ರಷ್ಯಾದಲ್ಲಿ ತಿಂಗಳುಗಳಿರಲಿಲ್ಲ, ಗಂಟೆಗಳಿದ್ದವು.

1812ರಲ್ಲಿ ರಷ್ಯಾದ ಮೇಲೆ ಹೊರಟ ಮಹಾಸೇನೆಯ ಸೇತುವೆ ಸಾಮಗ್ರಿಗಳ ಸಮಸ್ತ ಹೊಣೆ ಎಬ್ಲೆಗೆ ಬಂತು. ಇಲ್ಲಿ ಒಂದು ವಿವರಣೆ ಬೇಕು. ಆ ಕಾಲದ ಫ್ರೆಂಚ್ ಸೇನೆಯಲ್ಲಿ ನದಿಗೆ ಸೇತುವೆ ಹಾಕುವವರು ಎಂಜಿನಿಯರ್ ದಳದವರಲ್ಲ, ಫಿರಂಗಿ ದಳಕ್ಕೆ ಸೇರಿದ ಪಾಂಟೊನಿಯೇ ಎಂಬ ಸೇತುವೆ ಸಿಪಾಯಿಗಳು. ಈ ಪಡೆ ಮೊದಲು ಹುಟ್ಟಿದ್ದು ಸ್ಟ್ರಾಸ್‌ಬರ್ಗಿನ ಸುತ್ತಲಿನ ರೈನ್ ನದಿಯ ಅಂಬಿಗರಿಂದ. 1812ರ ಹೊತ್ತಿಗೆ ಡಚ್ಚರೂ ಇದರಲ್ಲಿದ್ದರು. ಹಾಲೆಂಡನ್ನು ನೆಪೋಲಿಯನ್ ಎರಡು ವರ್ಷ ಮುಂಚೆ ಫ್ರಾನ್ಸಿಗೆ ಸೇರಿಸಿಕೊಂಡಿದ್ದ. ನೀರಿನಲ್ಲಿ ಹುಟ್ಟಿ ಬೆಳೆದ ಜನ. ಇವರ ಸಾಮಾನು ಎಂದರೆ ಗಾಡಿಗಳ ಮೇಲೆ ಹೇರಿದ ದೋಣಿಗಳು: ನದಿಯಲ್ಲಿ ಸಾಲಾಗಿ ತೇಲಬಿಟ್ಟು, ಲಂಗರು ಹಾಕಿ, ಮೇಲೆ ತೊಲೆ-ಹಲಗೆ ಹಾಸಿದರೆ ಸೇತುವೆ.

ಅಕ್ಟೋಬರ್ 19ರಂದು ನೆಪೋಲಿಯನ್ ಮಾಸ್ಕೋ ಬಿಟ್ಟ. ಸ್ಮೊಲೆನ್ಸ್ಕ್ ಮುಟ್ಟುವ ಹೊತ್ತಿಗೆ ಸೇನೆ ಸೇನೆಯಾಗಿ ಉಳಿದಿರಲಿಲ್ಲ. ಅಲ್ಲಿ ಎಬ್ಲೆ ಒಂದು ಸಣ್ಣ ಕೆಲಸ ಮಾಡಿದ. ತನ್ನ ಪ್ರತಿಯೊಬ್ಬ ಪಾಂಟೊನಿಯೇಗೂ ಒಂದು ಉಪಕರಣ, ಹದಿನೈದರಿಂದ ಇಪ್ಪತ್ತು ದೊಡ್ಡ ಮೊಳೆ, ಕೆಲವು ಕಬ್ಬಿಣದ ಕೊಂಡಿಗಳನ್ನು ಹಂಚಿ ಹೊತ್ತು ನಡೆಯಿರಿ ಎಂದ. ನೂರಕ್ಕೂ ಹೆಚ್ಚು ಮೈಲಿ ಹಿಮದ ದಾರಿ. ಸಿಪಾಯಿಗಳು ಬಂದೂಕು ಎಸೆಯುತ್ತಿದ್ದರು, ಮಾಸ್ಕೋದಲ್ಲಿ ದೋಚಿದ ಬೆಳ್ಳಿ ಎಸೆಯುತ್ತಿದ್ದರು. ಪಾಂಟೊನಿಯೇಗಳು ಮೊಳೆ ಎಸೆಯಲಿಲ್ಲ. ಆ ಮೊಳೆಗಳು ಬೆರೆಜಿನಾ ದಡದಲ್ಲಿ ಲೆಕ್ಕಕ್ಕೆ ಸರಿಯಾಗಿ ಹೊರಬಂದವೆಂದು ಎಬ್ಲೆಯ ಕೈಕೆಳಗಿನ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಒಬ್ಬ ಸೇನಾನಿಯ ಮೇಲೆ ಅವನ ಜನಕ್ಕಿರುವ ನಂಬಿಕೆಯನ್ನು ಅಳೆಯಲು ಇದಕ್ಕಿಂತ ನಿಖರವಾದ ಅಳತೆ ನನಗೆ ಗೊತ್ತಿಲ್ಲ.

ನವೆಂಬರ್ 20ರ ಸುಮಾರಿಗೆ ಒರ್ಶಾ ಎಂಬಲ್ಲಿ ಅರವತ್ತು ದೋಣಿಗಳ ಒಂದು ಸೇತುವೆ ಸಾಲು ಸುರಕ್ಷಿತವಾಗಿ ಸಿಕ್ಕಿತು. ನೆಪೋಲಿಯನ್ ಅದನ್ನು ಸುಡಿಸಿದ. ದೋಣಿ ಎಳೆಯುವ ಕುದುರೆಗಳು ಫಿರಂಗಿಗೆ ಬೇಕು ಎಂಬುದು ಕಾರಣ. ಎಬ್ಲೆ ಹದಿನೈದನ್ನಾದರೂ ಬಿಡಿ ಎಂದು ಕೇಳಿದ, ಸಿಗಲಿಲ್ಲ. ಚಕ್ರವರ್ತಿ ಮೂರ್ಖತನ ಮಾಡಿದನೆಂದು ಇಂದು ಹೇಳುವುದು ಸುಲಭ. ಆದರೆ ಆ ದಿನ ಬೊರಿಸೋವ್ ಊರಿನ ಸೇತುವೆ ಇನ್ನೂ ಫ್ರೆಂಚರ ಕೈಯಲ್ಲಿತ್ತು, ಹೊಳೆಗಳು ಹೆಪ್ಪುಗಟ್ಟಿದ್ದವು. ಇದ್ದ ಮಾಹಿತಿಗೆ ಆ ಆದೇಶ ಅಸಂಬದ್ಧವೇನಲ್ಲ. ಎಬ್ಲೆಯ ಹಿರಿಮೆ ಮುಂದಾಗುವುದನ್ನು ಕಂಡಿದ್ದರಲ್ಲಿ ಇಲ್ಲ. ದೋಣಿ ಹೋದರೂ ಆರು ಗಾಡಿ ಉಪಕರಣ ಮತ್ತು ಕಬ್ಬಿಣದ ಸಾಮಾನು, ಎರಡು ಕುಲುಮೆ ಗಾಡಿ, ಎರಡು ಗಾಡಿ ಇದ್ದಿಲನ್ನು ಅವನು ಉಳಿಸಿಕೊಂಡ. ಒಳ್ಳೆಯ ಕುದುರೆಗಳನ್ನು ಅವಕ್ಕೆ ಕಟ್ಟಿಸಿದ. ಪೋರ್ಚುಗಲ್ ಕಲಿಸಿದ ಪಾಠ ಇದು.

ಮರುದಿನವೇ, 21ರಂದು, ಬೊರಿಸೋವ್ ಸೇತುವೆ ಅಡ್ಮಿರಲ್ ಚಿಚಾಗೋವನ ರಷ್ಯನ್ ಸೇನೆಯ ವಶವಾಯಿತು. 23ರಂದು ಮಾರ್ಷಲ್ ಊದಿನೊ ಊರನ್ನು ಮರಳಿ ಹಿಡಿದರೂ ರಷ್ಯನ್ನರು ಸೇತುವೆಯನ್ನು ಸುಟ್ಟು ಆಚೆ ದಡಕ್ಕೆ ಹೋದರು. ಚಳಿ ಇಳಿದು ಹೊಳೆಯ ಹಿಮವೂ ಕರಗಿತ್ತು. ಉತ್ತರದಿಂದ ರಷ್ಯನ್ ಸೇನಾನಿ ವಿಟ್ಗೆನ್‌ಸ್ಟೈನ್, ಹಿಂದಿನಿಂದ ರಷ್ಯನ್ನರ ದಂಡನಾಯಕ ಕುಟುಜೋವ್, ಎದುರಿಗೆ ಹೊಳೆ, ಅದರಾಚೆ ಚಿಚಾಗೋವ್. ಊದಿನೊನ ಅಶ್ವದಳದ ಜನರಲ್ ಕೊರ್ಬಿನೊ ಸ್ಟುಡ್ಯಾಂಕಾ ಹಳ್ಳಿಯ ಬಳಿ ಒಬ್ಬ ರೈತ ಹೊಳೆ ದಾಟಿ ಬಂದದ್ದರಿಂದ ಅಲ್ಲೊಂದು ಕಡವು ಇರುವುದನ್ನು ಕಂಡುಕೊಂಡಿದ್ದ. ಬೊರಿಸೋವಿನ ದಕ್ಷಿಣಕ್ಕೆ ಸದ್ದುಗದ್ದಲ ಮಾಡಿ ಸೇತುವೆ ಅಲ್ಲೇ ಎಂಬಂತೆ ತೋರಿಸಲಾಯಿತು. ಚಿಚಾಗೋವ್ ನಂಬಿ ದಕ್ಷಿಣಕ್ಕೆ ಸರಿದ. 25ರಂದು ಎಬ್ಲೆ ತನ್ನ ಜನರೊಡನೆ ಬೊರಿಸೋವಿನಿಂದ ಹೊರಟು ಸ್ಟುಡ್ಯಾಂಕಾ ಮುಟ್ಟಿದ.

ಊದಿನೊನ ಫಿರಂಗಿ ದಳದವರು ಮೊದಲೇ ಕೆಲವು ಚೌಕಟ್ಟುಗಳನ್ನು ಮಾಡಿಟ್ಟಿದ್ದರು. ಎಬ್ಲೆ ಮುಟ್ಟಿ ನೋಡಿದ. ಮರ ತೀರಾ ತೆಳುವು. ಕೆಲಸ ಮೊದಲಿನಿಂದ ಶುರು. ಹಳ್ಳಿಯ ಮರದ ಮನೆಗಳನ್ನು ಬಿಚ್ಚಿ ತೊಲೆ ತಂದರು, ಕುಲುಮೆ ಹೊತ್ತಿತು. ದೋಣಿಯಿಲ್ಲದ್ದರಿಂದ ಕಾಲುಚೌಕಟ್ಟಿನ ಸೇತುವೆಯೇ ಗತಿ: ಒಂದು ಅಡ್ಡತೊಲೆ, ಅದಕ್ಕೆ ಎರಡೂ ಬದಿ ಓರೆಯಾಗಿ ಚಾಚಿದ ಕಾಲುಗಳು, ಬಡಗಿ ಮರ ಕೊಯ್ಯಲು ಇಡುವ ಕುದುರೆಯ ಹಾಗೆ. ಅದನ್ನು ಹೊಳೆಯ ತಳದ ಮೇಲೆ ನಿಲ್ಲಿಸಿ, ಒಂದರಿಂದ ಒಂದಕ್ಕೆ ತೊಲೆ ಹಾಯಿಸಿ, ಮೇಲೆ ಹಾಸು ಹಾಕಬೇಕು. ಹೊಳೆಯ ಅಗಲ ನೂರು ಮೀಟರಿನ ಆಸುಪಾಸು, ಆಳ ಹೆಚ್ಚೆಂದರೆ ಆರೇಳು ಅಡಿ, ತಳ ಕೆಸರು. ಮೂರು ಸೇತುವೆ ಎಂದುಕೊಂಡಿದ್ದು ಸಾಮಾನು ಸಾಲದೆ ಎರಡಾಯಿತು. ಪ್ರತಿ ಸೇತುವೆಗೆ ಇಪ್ಪತ್ತಮೂರು ಚೌಕಟ್ಟು. ಬಲಗಡೆಯದು ಕಾಲಾಳು ಮತ್ತು ಕುದುರೆ ಸವಾರರಿಗೆ, ಎಡಗಡೆಯದು ಗಾಡಿ ಮತ್ತು ಫಿರಂಗಿಗೆ. ನಡುವೆ ಸುಮಾರು ಇನ್ನೂರು ಮೀಟರ್ ಅಂತರ.

26ರ ಬೆಳಿಗ್ಗೆ ಎಂಟಕ್ಕೆ ಮೊದಲ ಚೌಕಟ್ಟು ನೀರಿಗಿಳಿಯಿತು. ಅದನ್ನು ನಿಲ್ಲಿಸಲು ಮನುಷ್ಯರು ನೀರಿನಲ್ಲಿ ನಿಲ್ಲಬೇಕು. ಕಂಕುಳವರೆಗೆ, ಕೆಲವೊಮ್ಮೆ ಹೆಗಲವರೆಗೆ ನೀರು. ಹೊಳೆಯಲ್ಲಿ ತೇಲಿಬರುವ ಹಿಮದ ಹಲಗೆಗಳು ಮೈಗೆ ಬಡಿಯುತ್ತವೆ. ಎಬ್ಲೆಯ ಬಳಿ ಇದ್ದ ಪಾಂಟೊನಿಯೇಗಳು ನಾನೂರು. ಅವರನ್ನು ಎರಡು ಪಾಲು ಮಾಡಿ, ಒಂದು ಪಾಲು ಕೆಲಸದಲ್ಲಿದ್ದರೆ ಇನ್ನೊಂದು ಪಾಲು ಹುಲ್ಲಿನ ಮೇಲೆ ಬೆಂಕಿಯ ಬಳಿ ಒರಗಬೇಕೆಂದು ವ್ಯವಸ್ಥೆ ಮಾಡಿದ. ಐವತ್ತಮೂರು ದಾಟಿದ ಅವನೂ ನೀರಿಗಿಳಿದನೆಂದು ಹೇಳುವ ಬರಹಗಳಿವೆ. ಎಂಜಿನಿಯರ್ ದಳದ ಜನರಲ್ ಶಾಸ್ಲೂ ತನ್ನ ಜನರನ್ನು ಚೌಕಟ್ಟು ಮಾಡಲು ಕೊಟ್ಟ. ಫಿರಂಗಿ ದಳಕ್ಕೂ ಎಂಜಿನಿಯರ್ ದಳಕ್ಕೂ ಸೇತುವೆ ಯಾರದೆಂಬ ಹಳೆಯ ಜಗಳವಿತ್ತು. ಆ ದಿನ ಅದು ಯಾರ ಬಾಯಿಗೂ ಬರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಬಲ ಸೇತುವೆ ಮುಗಿಯಿತು. ಊದಿನೊನ ಪಡೆ ದಾಟಿತು. ಹಗುರವಾದ ಎರಡು ಫಿರಂಗಿಗಳನ್ನೂ ಎಚ್ಚರಿಕೆಯಿಂದ ಸಾಗಿಸಲಾಯಿತು. ನಾಲ್ಕು ಗಂಟೆಗೆ ಎಡ ಸೇತುವೆಯೂ ಸಿದ್ಧ. ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಕಥೆ ಮುಗಿಸುವವರಿದ್ದಾರೆ. ನಿಜವಾದ ಕಷ್ಟ ಶುರುವಾಗಿದ್ದು ಸೇತುವೆ ಮುಗಿದ ಮೇಲೆ. ಬಲ ಸೇತುವೆಯ ಹಾಸು ಮನೆಗಳ ಮಾಡಿನ ತೆಳು ಹಲಗೆ, ಎರಡು ಮೂರು ಪದರ ಒಂದರ ಮೇಲೊಂದು. ಎಡ ಸೇತುವೆಗೆ ಹಲಗೆ ಸಿಗದೆ ದುಂಡು ಮರಗಳನ್ನು ಒತ್ತಾಗಿ ಇಟ್ಟಿದ್ದರು. ಗಾಡಿ ಅದರ ಮೇಲೆ ಹರಿದಾಗ ಪ್ರತಿ ಮರವೂ ಒಂದು ಹೊಡೆತ. ನಿಧಾನ ಹೋಗಿರೆಂಬ ಆಜ್ಞೆ ಮೀರಿ ಗಾಡಿಯವರು ಕುದುರೆ ಓಡಿಸಿದರು. ಕೆಸರಿನಲ್ಲಿ ಕಾಲೂರಿದ್ದ ಚೌಕಟ್ಟುಗಳು ಒಂದೊಂದು ಒಂದೊಂದು ಪ್ರಮಾಣದಲ್ಲಿ ಕುಸಿದವು. ಇಲ್ಲಿ ಕೂತಿರುವ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಧಾರಗಳು ಸಮವಾಗಿ ಇಳಿದರೆ ಸೇತುವೆ ತಡೆದೀತು, ಅಸಮವಾಗಿ ಇಳಿದರೆ ತಡೆಯದು.

26ರ ರಾತ್ರಿ ಎಂಟಕ್ಕೆ ಮೂರು ಚೌಕಟ್ಟು ಮುರಿದವು. ಮಲಗಿದ್ದ ಅರ್ಧ ಪಾಲನ್ನು ಎಬ್ಬಿಸಬೇಕು. ಬೆಂಕಿಯ ಬಳಿ ನಿದ್ದೆಹೋದ ಮನುಷ್ಯನನ್ನು ಎಬ್ಬಿಸಿ ಕತ್ತಲಲ್ಲಿ ಹಿಮದ ನೀರಿಗೆ ಇಳಿ ಎನ್ನುವುದು ಯಾವ ಅಧಿಕಾರದಿಂದ ಸಾಧ್ಯ? ಶಿಕ್ಷೆಯ ಭಯ ಆ ಹೊತ್ತಿಗೆ ಯಾರಿಗೂ ಉಳಿದಿರಲಿಲ್ಲ, ಸಾವೇ ಎದುರಿಗಿತ್ತು. ಅವರು ಎದ್ದರು. ಹನ್ನೊಂದಕ್ಕೆ ಸೇತುವೆ ಸರಿಯಾಯಿತು. ನಸುಕಿನ ಎರಡಕ್ಕೆ ಮತ್ತೆ ಮೂರು ಚೌಕಟ್ಟು, ಈ ಸಲ ಅತಿ ಆಳವಿದ್ದ ಕಡೆ. ಸರಿಮಾಡುವಷ್ಟರಲ್ಲಿ ಆರು ಗಂಟೆ. 27ರ ಸಂಜೆ ನಾಲ್ಕಕ್ಕೆ ಮತ್ತೆ ಎರಡು. ಡಚ್ ಕ್ಯಾಪ್ಟನ್ ಬೆಂಟಿನ್‌ನ ತುಕಡಿ ಈ ದುರಸ್ತಿಗಳಲ್ಲಿ ನೀರಿನಲ್ಲಿದ್ದ ತುಕಡಿಗಳಲ್ಲೊಂದು. ಅದರ ಬಹಳ ಜನ ಮನೆ ಸೇರಲಿಲ್ಲ.

28ರಂದು ಎರಡೂ ದಡದಲ್ಲಿ ಕದನವಾಯಿತು. ಆಚೆ ದಡದಲ್ಲಿ ಊದಿನೊ ಮತ್ತು ನೇ ಚಿಚಾಗೋವನನ್ನು ತಡೆದರು, ಈಚೆ ಮಾರ್ಷಲ್ ವಿಕ್ಟರನ ಬಾಡೆನ್, ಬೆರ್ಗ್, ಪೋಲೆಂಡ್ ದಳಗಳು ವಿಟ್ಗೆನ್‌ಸ್ಟೈನನನ್ನು ತಡೆದವು. ರಷ್ಯನ್ ಫಿರಂಗಿ ಗುಂಡುಗಳು ಸೇತುವೆಯ ಬುಡದಲ್ಲಿ ಒತ್ತರಿಸಿ ನಿಂತ ಜನಜಂಗುಳಿಯ ಮೇಲೆ ಬಿದ್ದವು. ಸೇನೆಯ ಹಿಂದೆ ಹಿಂದೆ ಬಂದ ಸಾವಿರಾರು ಜನ: ದಳ ತಪ್ಪಿದ ಸಿಪಾಯಿಗಳು, ಗಾಯಾಳುಗಳು, ಹೆಂಗಸರು, ಮಕ್ಕಳು, ಮಾಸ್ಕೋದಿಂದ ಓಡಿಬಂದ ಫ್ರೆಂಚ್ ಕುಟುಂಬಗಳು. ಸಂಜೆಗೆ ಸೇತುವೆಯ ಮುಂದೆ ಸತ್ತ ಮನುಷ್ಯರು, ಸತ್ತ ಕುದುರೆಗಳು, ಮುರಿದ ಗಾಡಿಗಳ ರಾಶಿ. ವಿಕ್ಟರನ ಪಡೆ ಹಿಂದೆ ಸರಿದು ದಾಟಬೇಕಾದರೆ ದಾರಿಯೇ ಇಲ್ಲ. ಎಬ್ಲೆ ನೂರೈವತ್ತು ಪಾಂಟೊನಿಯೇಗಳನ್ನು ಹಚ್ಚಿ ಆ ರಾಶಿಯ ನಡುವೆ ಕಂದಕದಂತೆ ಒಂದು ದಾರಿ ಬಿಡಿಸಿದ. ರಾತ್ರಿ ಒಂಬತ್ತರಿಂದ ಒಂದರ ನಡುವೆ ವಿಕ್ಟರನ ಪಡೆ ದಾಟಿತು.

ನನ್ನನ್ನು ಬಹಳ ಕಾಡಿರುವುದು ಮುಂದಿನ ಘಟನೆ. ವಿಕ್ಟರ್ ದಾಟಿದ ಮೇಲೆ ಸೇತುವೆ ತೆರವಾಗಿತ್ತು. ದಳ ತಪ್ಪಿದ ಜನ ಆಗ ದಾಟಬಹುದಿತ್ತು. 27ರ ರಾತ್ರಿಯೂ ಹೀಗೇ ಆಗಿತ್ತು. ಆದರೆ ಅವರು ಬೆಂಕಿಯ ಬಳಿಯಿಂದ ಏಳಲಿಲ್ಲ. ಕತ್ತಲು, ಚಳಿ, ವಾರಗಳ ಹಸಿವು. ಬೆಳಗಾಗಲಿ ಎಂಬ ಮಂಕು. ಎಬ್ಲೆ ಮತ್ತು ಅವನ ಅಧಿಕಾರಿಗಳು ಬೆಂಕಿಯಿಂದ ಬೆಂಕಿಗೆ ಹೋಗಿ ಬೆಳಿಗ್ಗೆ ಸೇತುವೆ ಸುಡುತ್ತೇವೆ, ಈಗಲೇ ದಾಟಿ ಎಂದು ಬೇಡಿಕೊಂಡರು. ನಸುಕಿಗೆ ಕೆಲವು ಗಾಡಿಗಳಿಗೆ ಬೆಂಕಿ ಇಟ್ಟು ಹೆದರಿಸಿ ನೋಡಿದರು. ಹೊರಟವರು ಸ್ವಲ್ಪ ಜನ. 29ರ ಬೆಳಿಗ್ಗೆ ಏಳಕ್ಕೆ ಸುಡಬೇಕೆಂಬುದು ಆಜ್ಞೆ. ಎಬ್ಲೆ ಸುಡಲಿಲ್ಲ. ಎಂಟಾದರೂ ಸುಡಲಿಲ್ಲ. ಎಂಟೂವರೆಗೆ, ಶತ್ರು ಕಾಣುವಷ್ಟು ಹತ್ತಿರ ಬಂದಾಗ ಬೆಂಕಿ ಕೊಟ್ಟ. ಆಗ ಎಚ್ಚೆತ್ತ ಜನ ಉರಿಯುವ ಸೇತುವೆಗೆ ನುಗ್ಗಿದರು, ನೀರಿಗೆ ಬಿದ್ದರು. ಉಳಿದವರು ರಷ್ಯನ್ ಸೇನೆಯ ಕೊಸಾಕ್ ಸವಾರರ ಕೈಗೆ ಸಿಕ್ಕರು. ಅವರ ಸಂಖ್ಯೆ ಸಾವಿರಗಳಲ್ಲಿ. ಅಂದಾಜುಗಳು ಒಂದಕ್ಕೊಂದು ಹೊಂದುವುದಿಲ್ಲ.

ಆ ಒಂದೂವರೆ ಗಂಟೆಯ ತಡ ಸರಿಯೇ? ಸೇನಾ ಶಿಸ್ತಿನ ದೃಷ್ಟಿಯಿಂದ ಅದು ಅಪಾಯದ ಆಟ: ಉರಿಯದ ಸೇತುವೆ ರಷ್ಯನ್ನರ ಕೈಗೆ ಸಿಕ್ಕಿದ್ದರೆ ದಾಟಿದವರ ಗತಿಯೂ ಮುಗಿಯುತ್ತಿತ್ತು. ನನ್ನ ತೀರ್ಪು ಎಬ್ಲೆಯ ಪರ. ಎಷ್ಟು ಹೊತ್ತು ತಡೆದರೆ ಸೇನೆಗೆ ಅಪಾಯವಿಲ್ಲ ಎಂಬುದನ್ನು ಅಳೆಯಬಲ್ಲವನು ಸೇತುವೆಯ ಬುಡದಲ್ಲಿದ್ದ ಅವನೊಬ್ಬನೇ. ಇದ್ದ ಸಮಯವನ್ನೆಲ್ಲ ಅವನು ಆ ಜನರಿಗೆ ಕೊಟ್ಟ. ಅದರ ಜೊತೆಗೇ ಇನ್ನೊಂದನ್ನೂ ಹೇಳಬೇಕು. ಇದು ಬೇರೆಯವರ ನಾಡಿನ ಮೇಲೆ ನುಗ್ಗಿದ ಸೇನೆ. ಸ್ಟುಡ್ಯಾಂಕಾದ ರೈತರು ಚಳಿಗಾಲದ ನಡುವೆ ತಮ್ಮ ಮನೆಗಳನ್ನು ಸೇತುವೆಗೆ ಕಳೆದುಕೊಂಡರು. ಅವರ ಹೆಸರನ್ನು ಯಾವ ಇತಿಹಾಸಕಾರನೂ ಬರೆದುಕೊಳ್ಳಲಿಲ್ಲ. ಎಬ್ಲೆಯನ್ನು ಮೆಚ್ಚುವಾಗ ನಾನು ಆ ದಂಡಯಾತ್ರೆಯನ್ನು ಮೆಚ್ಚುತ್ತಿಲ್ಲ.

ಹೊಳೆ ದಾಟಿದ ಮೇಲೆ ಚಳಿ ಇನ್ನೂ ಭೀಕರವಾಯಿತು. ನೀರಿನಲ್ಲಿ ನಿಂತು ದುಡಿದವರಲ್ಲಿ ಹೆಚ್ಚಿನವರು ದಾರಿಯಲ್ಲೇ ಸತ್ತರು. ಸೇನೆಯ ಫಿರಂಗಿ ಮುಖ್ಯಸ್ಥ ಲಾರಿಬುವಾಸಿಯೇರ್ ಡಿಸೆಂಬರ್ 21ರಂದು ಕೋನಿಗ್ಸ್‌ಬರ್ಗಿನಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದ ಎಬ್ಲೆಯೂ ವರ್ಷದ ಕೊನೆಯ ದಿನ ಅದೇ ಊರಿನಲ್ಲಿ ಕಣ್ಣುಮುಚ್ಚಿದ. ಪ್ಯಾರಿಸಿಗೆ ಸುದ್ದಿ ಮುಟ್ಟಿರಲಿಲ್ಲ. 1813ರ ಜನವರಿ 3ರಂದು ನೆಪೋಲಿಯನ್ ಅವನನ್ನು ಫಿರಂಗಿ ದಳದ ಪ್ರಥಮ ಇನ್ಸ್‌ಪೆಕ್ಟರ್ ಜನರಲ್ ಎಂದು ನೇಮಿಸಿದ. ಪ್ಯಾರಿಸಿನ ವಿಜಯ ಕಮಾನಿನ ಮೇಲೆ ಅವನ ಹೆಸರಿದೆ. ಒಂದು ಬೀದಿಗೂ ಇದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. 1869ರಲ್ಲಿ ಶಾರ್ಲ್ ಜೋಸೆಫ್ ಮಿನಾರ್ ಎಂಬುವನು ಈ ದಂಡಯಾತ್ರೆಯ ನಕ್ಷೆಯೊಂದನ್ನು ಬಿ‌ಡಿಸಿದ. ಅವನು ಇತಿಹಾಸಕಾರನಲ್ಲ, ಫ್ರಾನ್ಸಿನ ರಸ್ತೆ-ಸೇತುವೆ ಇಲಾಖೆಯ ನಿವೃತ್ತ ಎಂಜಿನಿಯರ್. ಸೇನೆಯ ಸಂಖ್ಯೆಯನ್ನು ಪಟ್ಟಿಯ ಅಗಲವಾಗಿ ತೋರಿಸುವ ಆ ನಕ್ಷೆ ನಿಮ್ಮ ಪಠ್ಯಗಳಲ್ಲೂ ಸಿಕ್ಕೀತು. 4,22,000ದಿಂದ ಹೊರಟ ಪಟ್ಟಿ ಹಿಂದಿರುಗುವಾಗ 10,000ಕ್ಕೆ ಸಣ್ಣದಾಗುತ್ತದೆ. ಬೆರೆಜಿನಾದ ಈಚೆ 50,000, ಆಚೆ 28,000. ನೋಡಿದವರೆಲ್ಲ ಅಲ್ಲಿ ಪಟ್ಟಿ ಒಮ್ಮೆಲೇ ಕಿರಿದಾಗುವುದನ್ನೇ ತೋರಿಸುತ್ತಾರೆ. ಅದು ಕಿರಿದಾಗಿಯಾದರೂ ಹೊಳೆಯ ಆಚೆಗೆ ಮುಂದುವರಿದಿದೆಯಲ್ಲ, ಅದಕ್ಕೆ ಕಾರಣ ನಲವತ್ತಾರು ಮರದ ಚೌಕಟ್ಟುಗಳು ಮತ್ತು ಸ್ಮೊಲೆನ್ಸ್ಕಿನಿಂದ ಹೊತ್ತುತಂದ ಮೊಳೆಗಳು. ಅದನ್ನು ನೋಡಿ, ಲೆಕ್ಕ ಹಾಕಿ, ಪ್ರಶ್ನೆಗಳಿದ್ದರೆ ಈಗಲೇ ಕೇಳಿ. ನನಗೆ ತಿಳಿದಷ್ಟು ಉತ್ತರಿಸುತ್ತೇನೆ.